ಫ್ಲಾಷ್ ಬಿದ್ದು ಬೆಳ್ಳಗಾದ ಮುಖಕ್ಕೆ ಮತ್ತೆ ಬಣ್ಣ ತರುವುದು ಹೇಗೆ?

ಹೋದ ವರ್ಷ ನಮ್ಮ ಮನೆಯ ಮದುವೆಯಲ್ಲಿ ತೆಗೆದ ದೊಡ್ಡಮ್ಮನ ಒಂದು ಫೋಟೋ ನನ್ನ ಕೈಗೆ ಬಂತು. ಧಾರೆ ಮುಗಿದು ಎಲ್ಲರೂ ಊಟಕ್ಕೆ ಎದ್ದ ಹೊತ್ತು. ಯಾರನ್ನೋ ನೋಡಿ ಬಾಯ್ತುಂಬ ನಕ್ಕಿದ್ದಾರೆ. ಕ್ಯಾಮೆರಾ ಕಂಡರೆ ಮುಖ ಬಿಗಿ ಮಾಡಿಕೊಳ್ಳುವ ಜೀವ ಅದು. ಹಾಗಾಗಿ ಆ ನಗು ಬೇರೆ ಯಾವ ಫೋಟೋದಲ್ಲೂ ಇಲ್ಲ. ಆದರೆ ಹಣೆಯ ಮೇಲೆ ನಾಣ್ಯದಷ್ಟು ಅಗಲದ ಬಿಳಿ ಮಚ್ಚೆ, ಮೂಗಿನ ಉದ್ದಕ್ಕೂ ಒಂದು ಬಿಳಿ ಗೆರೆ, ಎಡಗೆನ್ನೆಯಲ್ಲಿ ಇನ್ನೊಂದು ಮಚ್ಚೆ. ಕುಂಕುಮದ ಮೇಲಂಚು ಆ ಬಿಳಿಯಲ್ಲಿ ಕರಗಿಹೋಗಿತ್ತು. ಅದನ್ನು ಸರಿಮಾಡಿ ಫ್ರೇಮ್ ಹಾಕಿಸಬೇಕಿತ್ತು. ಆ ಕೆಲಸ ಮಾಡಿದ ಕ್ರಮವನ್ನೇ ಇಲ್ಲಿ ಹೇಳುತ್ತೇನೆ.

ನಾನು ಬಳಸುವುದು ಗಿಂಪ್ ಎಂಬ ಫೋಟೋ ತಿದ್ದುವ ತಂತ್ರಾಂಶ. ಅದು ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಫೋಟೋಶಾಪ್ ಇರುವವರಿಗೆ ಬೇರೆಯಾಗುವ ಕಡೆ ಅದರ ಕೀಲಿಗಳನ್ನೂ ಹೇಳುತ್ತೇನೆ.

ಮೊದಲು ಆ ಬಿಳುಪು ಏನು ಅಂತ ನೋಡೋಣ

ಮುಖದ ಮೇಲೆ ಬಿದ್ದ ಬೆಳಕು ಎರಡು ರೀತಿ ವಾಪಸ್ ಬರುತ್ತದೆ. ಒಂದಿಷ್ಟು ಬೆಳಕು ಚರ್ಮದ ಒಳಗೆ ಸ್ವಲ್ಪ ಇಳಿದು, ಅಲ್ಲಿ ಚದುರಿ, ಚರ್ಮದ ಬಣ್ಣ ಹೊತ್ತು ಹೊರಗೆ ಬರುತ್ತದೆ. ನಮಗೆ ಕಾಣುವ ಮೈಬಣ್ಣ ಅದೇ. ಇನ್ನೊಂದಿಷ್ಟು ಬೆಳಕು ಒಳಗೆ ಇಳಿಯುವುದೇ ಇಲ್ಲ. ಮೇಲಿನ ಜಿಡ್ಡು, ಬೆವರಿಗೆ ತಾಗಿ ಕನ್ನಡಿಗೆ ತಾಗಿದ ಹಾಗೆ ನೇರ ಹಿಂದಕ್ಕೆ ಬರುತ್ತದೆ. ಅದರಲ್ಲಿ ಚರ್ಮದ ಬಣ್ಣ ಇರುವುದಿಲ್ಲ, ಫ್ಲಾಷ್‌ನ ಬಣ್ಣ ಮಾತ್ರ. ಕ್ಯಾಮೆರಾದ ಮೇಲೆಯೇ ಕೂತ ಫ್ಲಾಷ್ ಲೆನ್ಸ್‌ಗೆ ತೀರಾ ಹತ್ತಿರ ಇರುವುದರಿಂದ, ಹಣೆ, ಮೂಗು, ಕೆನ್ನೆಯ ಉಬ್ಬುಗಳಿಂದ ಹಿಂದಕ್ಕೆ ಬಂದ ಬೆಳಕು ಸೀದಾ ಲೆನ್ಸ್ ಒಳಗೇ ಹೋಗುತ್ತದೆ.

ಈ ಮಾತು ನೆನಪಿನಲ್ಲಿದ್ದರೆ ಅರ್ಧ ಕೆಲಸ ಆದ ಹಾಗೆ. ಬಿಳಿ ಮಚ್ಚೆಯಲ್ಲಿ ಬೆಳಕು ಜಾಸ್ತಿ ಆಗಿದೆ ಅಷ್ಟೇ ಅಲ್ಲ, ಬಣ್ಣವೇ ಹೋಗಿದೆ. ಅದಕ್ಕೇ ಚಿತ್ರವನ್ನು ಕಪ್ಪಾಗಿಸುವ ಬರ್ನ್ ಟೂಲ್ ಹಿಡಿದು ಸುಮ್ನೆ ಕಪ್ಪು ಮಾಡುತ್ತಾ ಹೋದರೆ ಮುಖದ ಮೇಲೆ ಬೂದಿ ಬಳಿದ ಹಾಗೆ ಆಗುತ್ತದೆ. ಬಿಳಿಯನ್ನು ಎಷ್ಟು ಕಪ್ಪು ಮಾಡಿದರೂ ಬರುವುದು ಬೂದು ಬಣ್ಣವೇ ಅಲ್ವಾ? ನಾವು ಮಾಡಬೇಕಾದ್ದು ಪಕ್ಕದ ಚರ್ಮದಿಂದ ಬಣ್ಣ ತಂದು ತುಂಬುವುದು.

ಒಳ್ಳೆಯ ಫೈಲ್ ತರಿಸಿಕೊಳ್ಳಿ

ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬಂದದ್ದನ್ನು ಇಟ್ಟುಕೊಂಡು ಶುರು ಮಾಡಬೇಡಿ. ಅದು ಕಳಿಸುವಾಗಲೇ ಕುಗ್ಗಿರುತ್ತದೆ. ಮಚ್ಚೆಯ ಅಂಚಿನಲ್ಲಿ ಚೌಕ ಚೌಕ ಕಲೆಗಳು ಕಾಣುತ್ತವೆ, ಆಮೇಲೆ ಬಣ್ಣ ತುಂಬಿದಾಗ ಅವು ಇನ್ನಷ್ಟು ಎದ್ದು ಬರುತ್ತವೆ. ತೆಗೆದವರಿಂದ ಮೂಲ ಫೈಲನ್ನೇ ಕೇಳಿ. ವಾಟ್ಸಾಪೇ ಗತಿ ಅಂದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ರಾ ಫೈಲ್, ಅಂದರೆ ಕ್ಯಾಮೆರಾ ಹಿಡಿದದ್ದನ್ನು ಜೆಪೆಗ್ ಮಾಡದೆ ಹಾಗೇ ಇಟ್ಟ ಫೈಲ್, ಸಿಕ್ಕಿದರೆ ಅದೃಷ್ಟ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೂ 8 ಬಿಟ್, ಅಂದರೆ 256 ಮೆಟ್ಟಿಲು. ರಾ ಫೈಲ್‌ಗಳಲ್ಲಿ ಸಾಮಾನ್ಯವಾಗಿ 12 ಅಥವಾ 14 ಬಿಟ್ ಇರುತ್ತದೆ. ಡಾರ್ಕ್‌ಟೇಬಲ್ ಅಥವಾ ರಾ ಥೆರಪಿ ಎಂಬ ತಂತ್ರಾಂಶದಲ್ಲಿ ಅದನ್ನು ತೆರೆದು ಹೈಲೈಟ್ಸ್, ಅಂದರೆ ತೀರಾ ಬೆಳಕಿನ ಭಾಗಗಳನ್ನು, ಇಳಿಸಿದರೆ, ಬಿಳಿ ಅಂದುಕೊಂಡ ಜಾಗದಲ್ಲಿ ಎಷ್ಟೋ ಸಲ ಚರ್ಮ ವಾಪಸ್ ಬರುತ್ತದೆ. ದೊಡ್ಡಮ್ಮನ ಫೋಟೋ ಜೆಪೆಗ್ ಮಾತ್ರ ಇತ್ತು.

ಫೋಟೋವನ್ನು ಗಿಂಪ್‌ನಲ್ಲಿ ತೆರೆದ ಕೂಡಲೇ ಲೇಯರ್‌ನ (ಒಂದರ ಮೇಲೊಂದು ಕೂರುವ ಚಿತ್ರದ ಪದರ) ಒಂದು ನಕಲು ಮಾಡಿ. ಕಂಟ್ರೋಲ್, ಶಿಫ್ಟ್, ಡಿ ಒಟ್ಟಿಗೆ ಒತ್ತಿದರೆ ಆಯಿತು. ಕೆಳಗಿನ ಮೂಲ ಲೇಯರ್ ಕೊನೆಯವರೆಗೂ ಮುಟ್ಟದೆ ಹಾಗೇ ಇರಲಿ.

ಈಗ ಅಳತೆ. ಕಲರ್ ಪಿಕರ್ ಟೂಲ್ ತೆಗೆದುಕೊಳ್ಳಿ, ಕೀಲಿ ಒ. ಶಿಫ್ಟ್ ಹಿಡಿದು ಮಚ್ಚೆಯ ಮೇಲೆ ಕ್ಲಿಕ್ ಮಾಡಿ. ಚಿಕ್ಕ ಕಿಟಕಿಯೊಂದು ತೆರೆದು ಕೆಂಪು, ಹಸಿರು, ನೀಲಿಯ ಅಂಕಿ ತೋರಿಸುತ್ತದೆ. ಅಂಕಿ ಶೇಕಡಾದಲ್ಲಿ ಬಂದರೆ ಅಲ್ಲೇ 0–255 ಬರುವ ಹಾಗೆ ಬದಲಿಸಿಕೊಳ್ಳಿ. ದೊಡ್ಡಮ್ಮನ ಹಣೆಯ ಮಚ್ಚೆಯ ಅಂಚಿನಲ್ಲಿ 250, 248, 243 ಬಂತು. ಎರಡು ಬೆರಳು ಪಕ್ಕಕ್ಕೆ, ಹೊಳಪಿಲ್ಲದ ಚರ್ಮದಲ್ಲಿ 190, 140, 112. ನೋಡಿ, ಕೆಂಪಿಗೂ ನೀಲಿಗೂ ಇರಬೇಕಾದ ಅಂತರ 78. ಮಚ್ಚೆಯಲ್ಲಿ ಅದು ಬರೀ 7. ಆ ಅಂತರವೇ ಮೈಬಣ್ಣ, ನಾವು ತರಬೇಕಾದ್ದು ಅದನ್ನೇ.

ಮಚ್ಚೆಯ ನಡುವೆ ಮೂರೂ ಅಂಕಿ 255 ಬಂದರೆ ಅಲ್ಲಿ ಏನೂ ಉಳಿದಿಲ್ಲ ಅಂತ ಅರ್ಥ. ಬಣ್ಣವೂ ಇಲ್ಲ, ಚರ್ಮದ ಸಣ್ಣ ರಂಧ್ರಗಳ ಗುರುತೂ ಇಲ್ಲ. ಅಂಥ ಕಡೆ ಎರಡನ್ನೂ ಬೇರೆ ಜಾಗದಿಂದ ತರಬೇಕು. ಉಳಿದ ಕಡೆ ಬಣ್ಣ ತಂದರೆ ಸಾಕು.

ಬಣ್ಣ ತುಂಬುವ ಕೆಲಸ

ಇದೇ ಮುಖ್ಯ ಹಂತ, ನಿಧಾನವಾಗಿ ಮಾಡಿ.

ಮೇಲೆ ಒಂದು ಖಾಲಿ, ಪಾರದರ್ಶಕ ಲೇಯರ್ ಸೇರಿಸಿ. ಆ ಲೇಯರ್‌ನ ಮೋಡ್ ನಾರ್ಮಲ್ ಅಂತ ಇರುತ್ತದೆ, ಅದನ್ನು ಡಾರ್ಕನ್ ಓನ್ಲಿ ಮಾಡಿ. ಫೋಟೋಶಾಪ್‌ನಲ್ಲಿ ಬರೀ ಡಾರ್ಕನ್. ಈ ಮೋಡ್‌ನ ಗುಣ ಏನೆಂದರೆ, ನೀವು ಹಚ್ಚಿದ್ದು ಕೆಳಗಿನ ಬಣ್ಣಕ್ಕಿಂತ ಕಡಿಮೆ ಬೆಳಕಿನದ್ದಾದರೆ ಮಾತ್ರ ಕಾಣುತ್ತದೆ. ಮಚ್ಚೆಯ ಹೊರಗೆ ಕೈ ಜಾರಿದರೂ ಹುಬ್ಬು, ಕೂದಲು ಹಾಳಾಗುವುದಿಲ್ಲ, ಯಾಕೆಂದರೆ ಅವು ಆಗಲೇ ಚರ್ಮಕ್ಕಿಂತ ಕಪ್ಪು. ಮೋಡ್ ಬದಲಿಸಬೇಕಾದ್ದು ಲೇಯರ್‌ನದ್ದು, ಬ್ರಷ್‌ನದ್ದಲ್ಲ. ಖಾಲಿ ಲೇಯರ್ ಮೇಲೆ ಬ್ರಷ್‌ಗೆ ಡಾರ್ಕನ್ ಕೊಟ್ಟರೆ ಅದಕ್ಕೆ ಹೋಲಿಸಿ ನೋಡಲು ಏನೂ ಇರುವುದಿಲ್ಲ, ಹಾಗೇ ಬಳಿದುಬಿಡುತ್ತದೆ.

ಈಗ ಕ್ಲೋನ್ ಟೂಲ್, ಒಂದು ಜಾಗದ್ದನ್ನು ನಕಲು ಮಾಡಿ ಇನ್ನೊಂದು ಜಾಗಕ್ಕೆ ಹಚ್ಚುವಂಥದ್ದು. ಗಿಂಪ್‌ನಲ್ಲಿ ಕೀಲಿ ಸಿ, ಫೋಟೋಶಾಪ್‌ನಲ್ಲಿ ಎಸ್. ಆಯ್ಕೆಗಳಲ್ಲಿ ಸ್ಯಾಂಪಲ್ ಮರ್ಜ್ಡ್‌ಗೆ ಗುರುತು ಹಾಕಿ. ಇಲ್ಲದಿದ್ದರೆ ಖಾಲಿ ಲೇಯರ್‌ನಿಂದ ಖಾಲಿಯನ್ನೇ ತರುತ್ತದೆ. ಮೆತ್ತಗಿನ ಅಂಚಿನ ಬ್ರಷ್ ಇರಲಿ, ಅಗಲ ಮಚ್ಚೆಯ ಅರ್ಧದಷ್ಟು. ಒಪ್ಯಾಸಿಟಿ, ಅಂದರೆ ಹಚ್ಚಿದ್ದು ಶೇಕಡಾ ಎಷ್ಟು ಗಾಢವಾಗಿ ಕೂರಬೇಕು ಎಂಬ ಅಳತೆ, 20.

ಕಂಟ್ರೋಲ್ ಹಿಡಿದು, ಫೋಟೋಶಾಪ್ ಆದರೆ ಆಲ್ಟ್ ಹಿಡಿದು, ಮಚ್ಚೆಯ ಹತ್ತಿರದ ಒಳ್ಳೆಯ ಚರ್ಮದ ಮೇಲೆ ಕ್ಲಿಕ್ ಮಾಡಿ. ಹಣೆಗೆ ಹಣೆಯಿಂದಲೇ, ಕೆನ್ನೆಗೆ ಕೆನ್ನೆಯಿಂದಲೇ ತನ್ನಿ. ಕೆನ್ನೆಯ ಚರ್ಮದಲ್ಲಿ ಕೆಂಪು ಸ್ವಲ್ಪ ಜಾಸ್ತಿ ಇರುತ್ತದೆ. ಅದನ್ನು ಹಣೆಗೆ ತಂದರೆ ಒಗ್ಗುವುದಿಲ್ಲ. ಇನ್ನು ಮಚ್ಚೆಯ ಮೇಲೆ ಒಂದು ಸಲ ಎಳೆಯಿರಿ, ಮೌಸ್ ಬಿಡಿ, ಮತ್ತೆ ಎಳೆಯಿರಿ. ಒಂದೊಂದು ಸಲ ಬಿಟ್ಟು ಹಿಡಿದಾಗಲೂ ಇನ್ನೊಂದು ತೆಳು ಪದರ ಕೂರುತ್ತದೆ.

ಒಂದು ಎಳೆತಕ್ಕೆ ಕೆಂಪು 250 ಇದ್ದದ್ದು ಸುಮಾರು 238ಕ್ಕೆ ಇಳಿಯುತ್ತದೆ. ನೀಲಿ 243ರಿಂದ ಸುಮಾರು 217ಕ್ಕೆ. ಅಂದರೆ ನೀಲಿ ಜಾಸ್ತಿ ಇಳಿದು, ಕೆಂಪು ಕಡಿಮೆ ಇಳಿದು, ನಡುವಿನ ಅಂತರ ತಾನಾಗಿ ತೆರೆದುಕೊಳ್ಳುತ್ತದೆ. ಪರದೆಯ ಮೇಲೆ ಅದು ಕಾಣುವುದು ಹೇಗೆಂದರೆ, ಮೊದಲ ಎಳೆತಕ್ಕೆ ಮಚ್ಚೆ ಹಾಲಿನ ಬಣ್ಣದಿಂದ ಕೆನೆಯ ಬಣ್ಣಕ್ಕೆ ಬರುತ್ತದೆ. ಮೂರನೆಯದಕ್ಕೆ ಚಹಾ ಬೆರೆತ ಹಾಲಿನ ಹಾಗೆ. ನಾಲ್ಕು, ಐದಕ್ಕೆ ಅದು ಚರ್ಮ. ಅಲ್ಲಿಗೆ ನಿಲ್ಲಿಸಿ. ಪೂರ್ತಿ 190ಕ್ಕೆ ಇಳಿಸುವ ಆಸೆ ಬೇಡ.

ಎಳೆಯುವಾಗ ಆಗಾಗ ತರುವ ಜಾಗ ಬದಲಿಸಿ. ಒಂದು ಸಲ ಎಡದಿಂದ, ಒಂದು ಸಲ ಮೇಲಿನಿಂದ. ಒಂದೇ ಕಡೆಯಿಂದ ತಂದರೆ ಅಲ್ಲಿನ ಒಂದು ಕಪ್ಪು ಮಚ್ಚೆಯೋ ಸುಕ್ಕೋ ಎರಡೆರಡು ಸಲ ಕಾಣಿಸಿಕೊಳ್ಳುತ್ತದೆ. ಅಂಚಿನಲ್ಲಿ ಬ್ರಷ್ ಚಿಕ್ಕದು ಮಾಡಿ, ಒಪ್ಯಾಸಿಟಿ 10ಕ್ಕೆ ಇಳಿಸಿ. ಅವಸರ ಮಾಡಿದ ಕೆಲಸ ಮೊದಲು ಸಿಕ್ಕಿಬೀಳುವುದು ಅಂಚಿನಲ್ಲೇ.

ಕುಂಕುಮದ ಅಂಚನ್ನು ಮಾತ್ರ ಇದೇ ಓಟದಲ್ಲಿ ಮುಟ್ಟಬೇಡಿ. ದೊಡ್ಡಮ್ಮನ ಕುಂಕುಮ ಕೆಳಗಡೆ ಗಾಢ ಕೆಂಪು, ಮೇಲೆ ಹೋದಂತೆ ಗುಲಾಬಿ, ಆಮೇಲೆ ಬಿಳಿ. ಚರ್ಮವನ್ನೆಲ್ಲ ಸರಿಮಾಡಿದ ಮೇಲೆ ಇನ್ನೊಂದು ಖಾಲಿ ಲೇಯರ್ ಹಾಕಿ, ಕೆಳಗಿನ ಅರ್ಧದಿಂದ ಕೆಂಪನ್ನು ಕ್ಲೋನ್ ಮಾಡಿ ಮೇಲಿನ ಅರ್ಧಕ್ಕೆ ತಂದೆ. ಅಂಚನ್ನು ಉಂಗುರದ ಹಾಗೆ ದುಂಡಗೆ ಮಾಡಲಿಲ್ಲ. ಬೆರಳಿನಲ್ಲಿ ಇಟ್ಟ ಕುಂಕುಮಕ್ಕೆ ಅಂಚು ಪುಡಿಪುಡಿಯಾಗಿ, ಸ್ವಲ್ಪ ಸೊಟ್ಟಗೇ ಇರುತ್ತದೆ.

255 ಆದ ಜಾಗಕ್ಕೆ ಚರ್ಮದ ಮೇಲ್ಮೈ ತರುವುದು

ಬಣ್ಣ ಬಂದ ಮೇಲೂ ಮಚ್ಚೆಯ ನಡುಭಾಗ ನುಣುಪಾಗಿ, ಮೇಣ ಹಚ್ಚಿದ ಹಾಗೆ ಕಾಣಬಹುದು. ಅಲ್ಲಿ ರಂಧ್ರಗಳಿಲ್ಲ. ಇದಕ್ಕೆ ಹೀಲ್ ಟೂಲ್ ಬೇಕು. ಗಿಂಪ್‌ನಲ್ಲಿ ಕೀಲಿ ಎಚ್, ಫೋಟೋಶಾಪ್‌ನಲ್ಲಿ ಜೆ. ಕ್ಲೋನ್ ತಂದದ್ದನ್ನು ಹಾಗೇ ಅಂಟಿಸುತ್ತದೆ. ಹೀಲ್ ಆದರೋ ತಂದ ಜಾಗದ ಮೇಲ್ಮೈಯನ್ನು ಇಟ್ಟುಕೊಂಡು, ಬಣ್ಣ ಮತ್ತು ಬೆಳಕನ್ನು ಹಚ್ಚಿದ ಜಾಗಕ್ಕೆ ಹೊಂದಿಸುತ್ತದೆ. ಅದಕ್ಕೇ ಬಣ್ಣ ಮೊದಲು, ಮೇಲ್ಮೈ ಆಮೇಲೆ. ಬಿಳಿ ಮಚ್ಚೆ ಇರುವಾಗಲೇ ಹೀಲ್ ಮಾಡಿದರೆ ಅದು ಬಿಳಿಗೇ ಹೊಂದಿಸಿ ಕೊಡುತ್ತದೆ.

ಗಿಂಪ್‌ನ ಹೀಲ್ ಖಾಲಿ ಲೇಯರ್ ಮೇಲೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ ಲೇಯರ್ ಮೆನುವಿನಲ್ಲಿ ನ್ಯೂ ಫ್ರಮ್ ವಿಸಿಬಲ್ ಕೊಡಿ. ಇಲ್ಲಿಯವರೆಗೆ ಮಾಡಿದ್ದೆಲ್ಲ ಸೇರಿ ಮೇಲೆ ಒಂದು ಹೊಸ ಲೇಯರ್ ಆಗುತ್ತದೆ. ಅದರ ಮೇಲೆ, ಹಣೆಯ ಇನ್ನೊಂದು ಬದಿಯಿಂದ ಚರ್ಮ ತೆಗೆದುಕೊಂಡು, ಚಿಕ್ಕ ಬ್ರಷ್‌ನಲ್ಲಿ ಚುಕ್ಕಿ ಚುಕ್ಕಿಯಾಗಿ ಹಾಕಿ. ವಯಸ್ಸಾದವರ ಹಣೆಯಲ್ಲಿ ಅಡ್ಡ ಸುಕ್ಕುಗಳಿರುತ್ತವೆ. ಮಚ್ಚೆ ಆ ಗೆರೆಯನ್ನು ನಡುವೆ ಕಡಿದು ಹಾಕಿದ್ದರೆ, ಎರಡೂ ತುದಿ ನೋಡಿಕೊಂಡು ಗೆರೆಯನ್ನು ಜೋಡಿಸಿ. ದೊಡ್ಡಮ್ಮನ ಮೂರು ಗೆರೆಗಳಲ್ಲಿ ನಡುವಿನದು ತುಂಡಾಗಿತ್ತು. ಅದನ್ನು ಅಳಿಸಿಬಿಡುವುದು ಸುಲಭವಿತ್ತು. ಆದರೆ ಆ ಗೆರೆ ಇಲ್ಲದಿದ್ದರೆ ಅದು ಅವರ ಹಣೆಯಲ್ಲ.

ಕೆನ್ನೆಯ ಹಾಗೆ ದೊಡ್ಡ ಜಾಗದಲ್ಲಿ ತೆಳುವಾಗಿ ಹೊಳಪು ಹರಡಿದ್ದು, ರಂಧ್ರಗಳು ಇನ್ನೂ ಕಾಣುತ್ತಿದ್ದರೆ ಇನ್ನೊಂದು ದಾರಿ ಇದೆ. ಫಿಲ್ಟರ್ಸ್ ಮೆನುವಿನ ಎನ್‌ಹಾನ್ಸ್ ಒಳಗೆ ವೇವ್‌ಲೆಟ್ ಡಿಕಂಪೋಸ್ ಅಂತ ಇದೆ. 2018ರಲ್ಲಿ ಬಂದ ಗಿಂಪ್ 2.10ರಿಂದ ಅದು ಗಿಂಪ್‌ನಲ್ಲೇ ಸಿಗುತ್ತದೆ. ನ್ಯೂ ಫ್ರಮ್ ವಿಸಿಬಲ್‌ನಿಂದ ಬಂದ ಲೇಯರ್ ಮೇಲೆ, ಅದರಲ್ಲಿರುವ ಪದರಗಳ ಸಂಖ್ಯೆ 5 ಹಾಗೇ ಬಿಟ್ಟು ಓಕೆ ಕೊಡಿ. ಫೋಟೋ ಐದು ಸೂಕ್ಷ್ಮ ಪದರ ಮತ್ತು ತಳದಲ್ಲಿ ರೆಸಿಡ್ಯುಯಲ್ ಎಂಬ ಒಂದು ಪದರವಾಗಿ ಒಡೆಯುತ್ತದೆ. ರಂಧ್ರ, ರೋಮ, ಸಣ್ಣ ಸುಕ್ಕು ಎಲ್ಲ ಮೇಲಿನವುಗಳಲ್ಲಿ. ಬರೀ ಬಣ್ಣ ಮತ್ತು ನೆರಳು ತಳದಲ್ಲಿ. ಆ ತಳದ ಪದರ ಆರಿಸಿ, ಪೇಂಟ್‌ಬ್ರಷ್ ಹಿಡಿದು, ಕಂಟ್ರೋಲ್ ಒತ್ತಿ ಪಕ್ಕದ ಚರ್ಮದ ಬಣ್ಣ ಹೀರಿಕೊಂಡು, 15ರ ಒಪ್ಯಾಸಿಟಿಯಲ್ಲಿ ಹೊಳಪಿನ ಮೇಲೆ ಸವರಿ. ಬಣ್ಣ ಬದಲಾಗುತ್ತದೆ, ಮೇಲಿನ ರಂಧ್ರಗಳು ಒಂದೂ ಅಲುಗುವುದಿಲ್ಲ. ಚರ್ಮ ಉಳಿಸಿಕೊಂಡು ಹೊಳಪು ತೆಗೆಯುವುದಕ್ಕೆ ನನಗೆ ಇದಕ್ಕಿಂತ ಇಷ್ಟವಾದ ದಾರಿ ಇಲ್ಲ.

ಎಲ್ಲವನ್ನೂ ತೆಗೆಯಬೇಡಿ

ಮುಖ ಗುಂಡಗಿದೆ, ಮೂಗು ಮುಂದೆ ಬಂದಿದೆ ಅಂತ ನಮ್ಮ ಕಣ್ಣಿಗೆ ತಿಳಿಯುವುದು ಬೆಳಕಿನ ಏರಿಳಿತದಿಂದ. ಹೊಳಪನ್ನು ಪೂರ್ತಿ ಒರೆಸಿದರೆ ಮುಖ ಚಪ್ಪಟೆಯಾಗಿ, ರಟ್ಟಿನಲ್ಲಿ ಕತ್ತರಿಸಿದ ಹಾಗೆ ಕಾಣುತ್ತದೆ. ಫೋನಿನ ಬ್ಯೂಟಿ ಫಿಲ್ಟರ್ ಹಾಕಿದ ಮುಖಗಳು ಒಂದೇ ಥರ ಕಾಣುವುದಕ್ಕೆ ಇದೂ ಒಂದು ಕಾರಣ. ಕ್ಲೋನ್ ಮಾಡಿದ ಲೇಯರ್‌ನ ಒಪ್ಯಾಸಿಟಿಯನ್ನು 100ರಿಂದ ನಿಧಾನವಾಗಿ ಇಳಿಸುತ್ತಾ ಬನ್ನಿ. ನನಗೆ ಸಾಮಾನ್ಯವಾಗಿ 70 ಮತ್ತು 85ರ ನಡುವೆ ಎಲ್ಲೋ ಮುಖಕ್ಕೆ ಜೀವ ಬರುತ್ತದೆ. ಇದನ್ನು ಹೀಲ್ ಮಾಡುವ ಮೊದಲೇ ಮಾಡಿಕೊಳ್ಳಿ.

ಮೂಗಿನ ಗೆರೆ ತೆಳುವಾಗಿ ಇರಲಿ. ಕೆಳತುಟಿಯ ಮಿನುಗು ಇರಲಿ. ಕಣ್ಣಿನೊಳಗಿನ ಬಿಳಿ ಚುಕ್ಕಿಯನ್ನು ಖಂಡಿತ ತೆಗೆಯಬೇಡಿ, ಅದು ಹೋದರೆ ಕಣ್ಣು ಸತ್ತ ಹಾಗೆ ಕಾಣುತ್ತದೆ. ಮೂಗುಬಟ್ಟು, ಓಲೆ, ಸೀರೆಯ ಜರಿ ಹೊಳೆಯುವುದಕ್ಕೇ ಇರುವಂಥವು. ದೊಡ್ಡಮ್ಮನ ಮೂಗುಬಟ್ಟಿನ ಕಲ್ಲು ಫ್ಲಾಷ್‌ಗೆ ನಕ್ಷತ್ರದ ಹಾಗೆ ಹೊಳೆದಿತ್ತು, ಅದರ ಸುತ್ತಲಿನ ಚರ್ಮವೂ ಬಿಳಿಯಾಗಿತ್ತು. ಫೋಟೋವನ್ನು 400 ಶೇಕಡಾ ದೊಡ್ಡದು ಮಾಡಿ, ಮೂರು ಪಿಕ್ಸೆಲ್ ಅಗಲದ ಬ್ರಷ್‌ನಲ್ಲಿ ಕಲ್ಲಿನ ಸುತ್ತ ಚರ್ಮಕ್ಕೆ ಮಾತ್ರ ಬಣ್ಣ ತುಂಬಿದೆ. ಕಾಲು ಗಂಟೆ ಹಿಡಿಯಿತು. ಚರ್ಮ ಸರಿಯಾದ ಮೇಲೆ ಕಲ್ಲು ಮೊದಲಿಗಿಂತ ಜಾಸ್ತಿ ಹೊಳೆಯತೊಡಗಿತು.

ಕನ್ನಡಕ ಇದ್ದರೆ

ಗಾಜಿನ ಮೇಲೆ ಬಿಳಿ ಬಿದ್ದು ಕಣ್ಣೇ ಮುಚ್ಚಿದ್ದರೆ, ಅದೇ ಹೊತ್ತಿನಲ್ಲಿ ತೆಗೆದ ಇನ್ನೊಂದು ಫೋಟೋ ಹುಡುಕಿ. ಮದುವೆ ಫೋಟೋಗ್ರಾಫರ್‌ಗಳು ಒಂದೇ ಭಂಗಿಗೆ ಎರಡು ಮೂರು ಸಲ ಒತ್ತಿರುತ್ತಾರೆ. ಒಂದರಲ್ಲಿ ತಲೆ ಕೂದಲೆಳೆಯಷ್ಟು ತಿರುಗಿದ್ದರೂ ಗಾಜು ಸ್ವಚ್ಛ ಇರಬಹುದು. ಫ್ರೀ ಸೆಲೆಕ್ಟ್‌ನಿಂದ ಆ ಗಾಜಿನ ಭಾಗ ಸುತ್ತುಹಾಕಿ, ಅಂಚು 4 ಪಿಕ್ಸೆಲ್ ಫೆದರ್ ಮಾಡಿ (ಅಂದರೆ ಮೆತ್ತಗೆ ಮಾಡಿ), ಕಾಪಿ ಮಾಡಿ, ಈ ಫೋಟೋದ ಮೇಲೆ ಹೊಸ ಲೇಯರ್ ಆಗಿ ತಂದು, ತಿರುಗಿಸಿ ಕೂರಿಸಿ. ಬೇರೆ ಫೋಟೋ ಇಲ್ಲದಿದ್ದರೆ ಸರಿಯಿರುವ ಕಣ್ಣನ್ನೇ ಕಾಪಿ ಮಾಡಿ, ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿಸಿ ಇಡಬಹುದು. ಆಗ ಕಣ್ಣಿನ ಬಿಳಿ ಚುಕ್ಕಿ ತಪ್ಪು ಬದಿಗೆ ಹೋಗುತ್ತದೆ. ಅದನ್ನು ಅಳಿಸಿ, ಇನ್ನೊಂದು ಕಣ್ಣಿನಲ್ಲಿ ಇರುವ ಬದಿಯಲ್ಲೇ ಹಾಕಿ. ಯಾರ ಎರಡು ಕಣ್ಣೂ ಒಂದೇ ಥರ ಇರುವುದಿಲ್ಲ. ಹಾಗಾಗಿ ಬೇರೆ ದಾರಿ ಇಲ್ಲದಾಗ ಮಾತ್ರ ಇದು.

ಕೋಟಿಂಗ್ ಇರುವ ಗಾಜಿನಲ್ಲಿ ಬಿಳಿಯ ಬದಲು ಹಸಿರು ಅಥವಾ ನೇರಳೆ ಛಾಯೆ ಬೀಳುತ್ತದೆ. ಅದು ಸುಲಭ. ಹೊಸ ಲೇಯರ್‌ನ ಮೋಡ್ ಎಚ್‌ಎಸ್‌ಎಲ್ ಕಲರ್ ಮಾಡಿ, ಕಣ್ಣಿನ ಕೆಳಗಿನ ಚರ್ಮದ ಬಣ್ಣ ಹೀರಿಕೊಂಡು ಸವರಿದರೆ ಹಸಿರು ಹೋಗುತ್ತದೆ, ಕೆಳಗಿನ ವಿವರ ಹಾಗೇ ಇರುತ್ತದೆ. ಫ್ಲಾಷ್‌ಗೆ ಕಣ್ಣು ಕೆಂಪಾಗಿದ್ದರೆ ಅದು ಕಣ್ಣಿನ ಹಿಂಭಾಗದ ರಕ್ತನಾಳಗಳಿಗೆ ತಾಗಿ ಬಂದ ಬೆಳಕು. ಕಣ್ಣಿನ ಸುತ್ತ ಮಾತ್ರ ಸೆಲೆಕ್ಟ್ ಮಾಡಿ ಎನ್‌ಹಾನ್ಸ್‌ನಲ್ಲಿರುವ ರೆಡ್ ಐ ರಿಮೂವಲ್ ಕೊಡಿ. ಸೆಲೆಕ್ಟ್ ಮಾಡದೆ ಕೊಟ್ಟರೆ ಕುಂಕುಮದ ಕೆಂಪಿಗೂ ಕೈ ಹಾಕುತ್ತದೆ.

ಫೋನಿನಲ್ಲಿ ಆಗುತ್ತದಾ?

ತೆಳು ಹೊಳಪಿಗೆ ಆಗುತ್ತದೆ. ಸ್ನ್ಯಾಪ್‌ಸೀಡ್‌ನಲ್ಲಿ (ಫೋಟೋ ತಿದ್ದುವ ಆ್ಯಪ್) ಸೆಲೆಕ್ಟಿವ್ ತೆರೆದು, ಹೊಳಪಿನ ಮೇಲೆ ಒಂದು ಚುಕ್ಕಿ ಇಡಿ. ಎರಡು ಬೆರಳಲ್ಲಿ ಚಿವುಟಿ ಜಾಗ ಚಿಕ್ಕದು ಮಾಡಿ, ಬ್ರೈಟ್‌ನೆಸ್ 20ರಿಂದ 30 ಇಳಿಸಿ. ಮೂಗಿನ ತುದಿಯ ಸಣ್ಣ ಬಿಳಿ ಚುಕ್ಕಿಗೆ ಹೀಲಿಂಗ್ ಸಾಕು. ಬಿಳಿ ಗಟ್ಟಿಯಾಗಿದ್ದರೆ ಮೊದಲೇ ಹೇಳಿದ ಹಾಗೆ ಬೂದು ಬಣ್ಣ ಬರುತ್ತದೆ. ಆಗ ಕಂಪ್ಯೂಟರ್ ಮುಂದೆ ಕೂರಲೇಬೇಕು.

ಮುಂದಿನ ಸಲ ತೆಗೆಯುವಾಗ

ಕರವಸ್ತ್ರದಿಂದ ಹಣೆ, ಮೂಗು ಒತ್ತಿಕೊಳ್ಳಲು ಹೇಳಿ. ಉಜ್ಜುವುದಲ್ಲ, ಒತ್ತುವುದು, ಇಲ್ಲದಿದ್ದರೆ ಕುಂಕುಮ ಹರಡುತ್ತದೆ. ಫ್ಲಾಷ್‌ನ ತಲೆ ತಿರುಗುವಂತಿದ್ದರೆ ಚಾವಣಿಯ ಕಡೆ ತಿರುಗಿಸಿ. ಚಾವಣಿ ಬಿಳಿಯಾಗಿದ್ದು, ತೀರಾ ಎತ್ತರ ಇಲ್ಲದಿದ್ದರೆ ಬೆಳಕು ಮೆತ್ತಗಾಗಿ ಕೆಳಗೆ ಇಳಿಯುತ್ತದೆ. ದೊಡ್ಡ ಛತ್ರಗಳ ಎತ್ತರದ ಚಾವಣಿಗೆ ಇದು ನಡೆಯುವುದಿಲ್ಲ. ಅಲ್ಲಿ ಫ್ಲಾಷ್ ಶಕ್ತಿಯನ್ನು ಒಂದು ಸ್ಟಾಪ್ ಇಳಿಸಿ (ಅಂದರೆ ಅರ್ಧ ಮಾಡಿ), ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಒಂದು ಸ್ಟಾಪ್ ಏರಿಸಿ (ಎರಡು ಪಟ್ಟು ಮಾಡಿ), ಛತ್ರದ ದೀಪಗಳ ಬೆಳಕನ್ನೂ ಜೊತೆಗೆ ಸೇರಿಸಿಕೊಳ್ಳಿ. ಕನ್ನಡಕದವರಿಗೆ ಗದ್ದ ಒಂದಿಷ್ಟು ಕೆಳಗೆ ಮಾಡಲು ಹೇಳಿ, ಇಲ್ಲವೇ ಕನ್ನಡಕದ ಕಡ್ಡಿಯನ್ನು ಕಿವಿಯಿಂದ ಸ್ವಲ್ಪ ಮೇಲೆತ್ತಿ. ಗಾಜು ಕೆಳಮುಖವಾಗಿ, ಬೆಳಕು ನೆಲಕ್ಕೆ ಹೋಗುತ್ತದೆ.

ಉಳಿಸುವುದು, ಪ್ರಿಂಟ್ ಹಾಕಿಸುವುದು

ಕೆಲಸ ಮುಗಿಯಿತು ಅನಿಸಿದಾಗ ಫೋಟೋವನ್ನು ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿಸಿ ನೋಡಿ. ಕಣ್ಣಿಗೆ ಒಗ್ಗಿಹೋಗಿದ್ದ ತಪ್ಪುಗಳು ಆಗ ಎದ್ದು ಕಾಣುತ್ತವೆ. ಒಂದು ರಾತ್ರಿ ಬಿಟ್ಟು ಬೆಳಗ್ಗೆ ನೋಡಿದರೆ ಇನ್ನೂ ಒಳ್ಳೆಯದು. ಎಕ್ಸ್‌ಸಿಎಫ್ (ಗಿಂಪ್‌ನ ಸ್ವಂತ ಫೈಲ್ ಬಗೆ) ಆಗಿ ಸೇವ್ ಮಾಡಿದರೆ ಲೇಯರ್‌ಗಳೆಲ್ಲ ಇರುತ್ತವೆ. ಪ್ರಿಂಟ್‌ಗೆ ಎಕ್ಸ್‌ಪೋರ್ಟ್ ಕೊಟ್ಟು ಜೆಪೆಗ್, ಕ್ವಾಲಿಟಿ 95 ಇಡಿ. 8 ಇಂಚು ಅಗಲ, 10 ಇಂಚು ಎತ್ತರದ ಪ್ರಿಂಟ್‌ಗೆ ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 2400 × 3000 ಪಿಕ್ಸೆಲ್ ಬೇಕು. ಸ್ಟುಡಿಯೋದಲ್ಲಿ ಮ್ಯಾಟ್ ಪೇಪರ್ ಕೇಳಿ. ಗ್ಲಾಸಿ ಹಾಕಿಸಿದರೆ ಮನೆಯ ಟ್ಯೂಬ್‌ಲೈಟ್ ಅದರ ಮೇಲೆ ಹೊಳೆಯುತ್ತದೆ.

ದೊಡ್ಡಮ್ಮನಿಗೆ ಫ್ರೇಮ್ ಕೊಟ್ಟಾಗ ಏನು ಸರಿಮಾಡಿದ್ದೇನೆ ಅಂತ ಹೇಳಲಿಲ್ಲ. ಅವರು ಕನ್ನಡಕ ಹಾಕಿಕೊಂಡು, ಫೋಟೋವನ್ನು ಕಿಟಕಿ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ಮೂಗುಬಟ್ಟಿನ ಮೇಲೆ ಬೆರಳಿಟ್ಟು, "ಇದು ನಮ್ಮಮ್ಮನದು ಕಣೋ" ಅಂದರು.